ಮೊದಲನೇ ಮೊಳೆಯ ಬಿಲ್ಲೆ

ಮಹಡಿ ಬಳಗಕ್ಕೆ ಈಗ ಮಹಡಿಯೇ ಇಲ್ಲ. ಅದು ಇರುವುದು ನೆಲಮಟ್ಟದಲ್ಲಿ, ಎಂದೋ ಮುಚ್ಚಿಹೋದ ಐಸ್ ಕಾರ್ಖಾನೆಯೊಂದರಲ್ಲಿ. ಹೊಸದಾಗಿ ಸೇರಲು ಬಂದವರು ಮೆಟ್ಟಿಲು ಹುಡುಕಿಕೊಂಡು ಕಟ್ಟಡಕ್ಕೆ ಒಂದು ಸುತ್ತು ಹಾಕುತ್ತಾರೆ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ ಎಂದು ಹಳಬರು ನಗುತ್ತಾರೆ. ಆ ಹಳಬರೂ ಈಗ ಬೆರಳೆಣಿಕೆಯಷ್ಟು ಮಂದಿ. ಅವರಲ್ಲೊಬ್ಬಳು ಬೈಂಡರಕ್ಕ. ಬಳಗದ ಯಾವ ಫೋಟೋದಲ್ಲೂ ಅವಳ ಮುಖ ಸರಿಯಾಗಿ ಬಿದ್ದಿಲ್ಲ. ಆದರೆ ಇಪ್ಪತ್ತೈದು ವರ್ಷಗಳಿಂದ ಅಲ್ಲಿ ಆಡಿದ ಒಂದೊಂದು ನಾಟಕದ ಒಂದೊಂದು ಪ್ರತಿಯನ್ನೂ ಹೊಲಿದವಳು ಅವಳೇ.

ಅವಳ ಕೆಲಸ ಪ್ರೆಸ್ಸಿನಲ್ಲಿ, ಪುಸ್ತಕ ಕಟ್ಟುವ ಮೇಜಿನ ಬಳಿ. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಬೇಕು, ಮರದ ಪಟ್ಟಿಯಿಂದ ಮಡಿಕೆ ಒತ್ತಬೇಕು, ಪುಟದ ಅಂಕಿ ನೋಡಿ ಜೋಡಿಸಬೇಕು, ದಾರ ಹಾಕಿ ಹೊಲಿದು ಬೆನ್ನಿಗೆ ಅಂಟು ಬಳಿದು ರಟ್ಟು ಹಾಕಬೇಕು. ಸಂಜೆಯ ಹೊತ್ತಿಗೆ ಬೆರಳ ತುದಿಯಲ್ಲಿ ಅಂಟು ಒಣಗಿ ಇನ್ನೊಂದು ಚರ್ಮವಾಗಿರುತ್ತಿತ್ತು. ಓದಿದ್ದು ಏಳನೇ ತರಗತಿ. ಆದರೆ ಮಡಿಸುವಾಗ ಕಣ್ಣು ಸುಮ್ಮನಿರುತ್ತದೆಯೇ? ಬೀಜಗಣಿತದಿಂದ ಹಿಡಿದು ಹಲ್ಲಿನ ರೋಗಗಳವರೆಗೆ ಅವಳು ಓದದ ವಿಷಯವಿರಲಿಲ್ಲ. ಎಲ್ಲವೂ ಅರ್ಧರ್ಧ, ಅದೂ ಹದಿನಾರು ಹದಿನಾರು ಪುಟ.

ಪ್ರೆಸ್ಸಿನ ಮೇಲಿನ ಮಹಡಿಯಲ್ಲಿ ಹಳೆ ಕಾಗದ ತುಂಬಿದ ಒಂದು ಉದ್ದ ಕೋಣೆ ಇತ್ತು. ಒಂದು ವರ್ಷ ಅದನ್ನು ಪ್ರೆಸ್ಸಿನ ಯಜಮಾನರು ತಮ್ಮ ಹಳೆಯ ಗೆಳೆಯರಾದ ಲೆಕ್ಕದ ಮೇಷ್ಟ್ರಿಗೆ ಸಂಜೆ ಹೊತ್ತು ಬಿಟ್ಟುಕೊಟ್ಟರು. ಮೇಷ್ಟ್ರಿಗೆ ನಾಟಕದ ಹುಚ್ಚು. ಕಟ್ಟಿಕೊಂಡದ್ದು ಹನ್ನೊಂದು ಜನರನ್ನು: ಹಾಲಿನ ಬೂತಿನ ಹೆಂಗಸು, ಒಬ್ಬ ಬಸ್ ಡ್ರೈವರು, ಮೀಟರು ಓದುವವನು, ಒಬ್ಬ ನರ್ಸು, ಹೀಗೆ ಕೈಕಾಲು ಗಟ್ಟಿಯಿದ್ದು ಸಂಜೆಗೆ ಕೆಲಸವಿಲ್ಲದವರು. ಬೈಂಡರಕ್ಕನಿಗೆ ಆಗ ಇಪ್ಪತ್ತೊಂಬತ್ತು. ಮೊದಲ ನಾಟಕದ ಪ್ರತಿಗಳನ್ನು ಹೊಲಿದು ಮೇಲೆ ತಲುಪಿಸಲು ಹೋದವಳು, ಬಾಗಿಲ ಬಳಿ ನಿಂತು ಸ್ವಲ್ಪ ಹೊತ್ತು ಕೇಳಿ, ಪೊರಕೆ ತೆಗೆದುಕೊಂಡು ಒಳಗೆ ಗುಡಿಸತೊಡಗಿದಳು. ಹನ್ನೊಂದನೆಯವಳು ಅವಳೇ. ಮನೆಯಲ್ಲಿ ಅಮ್ಮ, ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ಗೊಣಗಿದರು. ಗೊಣಗುತ್ತಲೇ ತಟ್ಟೆ ಮುಚ್ಚಿಟ್ಟು ಕಾದರು.

ಮೇಷ್ಟ್ರ ಬಳಗಕ್ಕೆ ಒಂದು ವಿಚಿತ್ರ ನಿಯಮವಿತ್ತು. ಯಾರು ಚೆನ್ನಾಗಿ ಮಾಡುತ್ತಾರೆ ಎಂದು ನೋಡಿ ಪಾತ್ರ ಕೊಡುವ ಹಾಗಿರಲಿಲ್ಲ. ಗೋಡೆಗೆ ಒಂದು ಮರದ ಹಲಗೆ, ಹಲಗೆಗೆ ಸಾಲಾಗಿ ಮೊಳೆ, ಒಂದೊಂದು ಮೊಳೆಗೆ ಒಬ್ಬೊಬ್ಬರ ಗುರುತಿನ ರಟ್ಟಿನ ಬಿಲ್ಲೆ. ಬಿಲ್ಲೆಗಳನ್ನು ಕತ್ತರಿಸಿ ತೂತು ಹಾಕಿ ಕೊಟ್ಟವಳು ಬೈಂಡರಕ್ಕನೇ. ಹೊಸ ನಾಟಕವನ್ನು ಎಲ್ಲರ ಮುಂದೆ ಓದಿದ ಮೇಲೆ, ಮೊದಲನೇ ಮೊಳೆಯವರು ತಮಗೆ ಬೇಕಾದ ಪಾತ್ರ ಆರಿಸಿಕೊಳ್ಳುತ್ತಿದ್ದರು. ಆಮೇಲೆ ಎರಡನೆಯವರು, ಆಮೇಲೆ ಮೂರನೆಯವರು. ಪಾತ್ರ ಮಾಡಿದವರ ಬಿಲ್ಲೆ ಕೊನೆಗೆ ಹೋಗುತ್ತಿತ್ತು. ಮುಂದಿನ ನಾಟಕದಲ್ಲಿ ಅವರು ಕುರ್ಚಿ ಹೊರಬೇಕು, ದೀಪ ಹಿಡಿಯಬೇಕು, ಕಸ ಗುಡಿಸಬೇಕು. ಹೀಗಾಗಿ ತೊದಲುವ ಮೀಟರಣ್ಣ ವಕೀಲನಾದ, ಎರಡೂ ಕಿವಿ ಮಂದವಾಗಿದ್ದ ಮುದುಕರೊಬ್ಬರು ಗೂಢಚಾರರಾದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೂ ನಿಜವಾಗಿಯೇ ಡೊಂಕಾಗಿತ್ತು. ನಾಟಕಗಳು ಕೆಟ್ಟದಾಗಿ ಬರುತ್ತಿದ್ದವು, ಬೀದಿಯವರು ನಗಲಿಕ್ಕಾದರೂ ಬರುತ್ತಿದ್ದರು. ಯಾರಾದರೂ ಕೇಳಿದರೆ ಮೇಷ್ಟ್ರು, ನಾಟಕ ಚೆನ್ನಾಗಿ ಬರುವುದಕ್ಕೆ ಊರಲ್ಲಿ ಬೇರೆಯವರಿದ್ದಾರೆ, ನಾವಿರುವುದು ಎಲ್ಲರೂ ಬರುವುದಕ್ಕೆ ಎನ್ನುತ್ತಿದ್ದರು.

ಇನ್ನೊಂದು ಕಟ್ಟಳೆಯೂ ಇತ್ತು. ಸರದಿ ಬಂದವರು ಬೇಕಿದ್ದರೆ ತಮ್ಮ ಬಿಲ್ಲೆ ತೆಗೆದು ಬೇರೆಯವರ ಕೈಗೆ ಕೊಡಬಹುದು. ಕೊಟ್ಟವರ ಜಾಗ ಹೋಗುವುದಿಲ್ಲ, ಆಟ ಮುಗಿದ ಮೇಲೆ ಬಿಲ್ಲೆ ಮತ್ತೆ ಅದೇ ಮೊಳೆಗೆ ಬರುತ್ತದೆ. ಆದರೆ ಕೊಡುವಾಗ ಮಾತಾಡುವ ಹಾಗಿಲ್ಲ, ಏಕೆ ಎಂದು ಯಾರೂ ಕೇಳುವ ಹಾಗಿಲ್ಲ, ಕೊಟ್ಟ ಪಾತ್ರವನ್ನು ವಾಪಸು ಪಡೆಯುವ ಹಾಗಂತೂ ಇಲ್ಲವೇ ಇಲ್ಲ.

ಬಳಗದ ಮೊದಲ ನಾಟಕ ಮೇಷ್ಟ್ರು ಸ್ವಂತ ಬರೆದದ್ದು. ಹೆಸರು ‘ಸಾಮಾನು ಕೋಣೆ’. ರೈಲು ನಿಲ್ದಾಣದಲ್ಲಿ ಪ್ರಯಾಣಿಕರು ಬಿಟ್ಟುಹೋದ ಪೆಟ್ಟಿಗೆ, ಗಂಟುಗಳನ್ನು ಕಾಯುವ ಒಬ್ಬ ಹೆಂಗಸಿನ ಕತೆ. ಹತ್ತೊಂಬತ್ತು ವರ್ಷದ ಕೆಳಗೆ ಒಂದು ಟ್ರಂಕು ಬಿಟ್ಟುಹೋಗಿದ್ದವನು ಕೊನೆಗೊಂದು ದಿನ ಚೀಟಿ ಹಿಡಿದುಕೊಂಡು ಬರುತ್ತಾನೆ. ಅವಳು ಅವನಿಗೆ ಟ್ರಂಕು ಕೊಡುವ ಮುನ್ನ ನಾಲ್ಕು ಪುಟದ ಮಾತು ಆಡುತ್ತಾಳೆ. ‘ನೀವು ಬರ್ತೀರಿ ಅಂತ ನಾನು ಕಾದಿಲ್ಲ, ಬರಲಿಲ್ಲವಲ್ಲ ಅಂತ ಕಾದೆ’ ಎಂದು ಅದರ ಶುರು. ಮೊದಲ ಸಲ ಆ ಪಾತ್ರ ಆರಿಸಿಕೊಂಡದ್ದು ಹಾಲಿನ ಬೂತಿನ ಹೆಂಗಸು. ಪಾಪ, ಒಂದನೇ ಪುಟ ಹೇಳಿ, ಗಾಬರಿಯಲ್ಲಿ ನಾಲ್ಕನೇ ಪುಟಕ್ಕೆ ಹಾರಿ, ಟ್ರಂಕು ಕೊಟ್ಟು ಕಳಿಸಿಬಿಟ್ಟಳು. ಪರದೆಯ ಹಿಂದೆ ಮಾತು ಎತ್ತಿಕೊಡಲು ಕೂತಿದ್ದ ಬೈಂಡರಕ್ಕನ ಬಾಯಲ್ಲಿ ಆ ನಡುವಿನ ಎರಡು ಪುಟ ಹಾಗೇ ಉಳಿದುಹೋದವು.

ಆ ಹಾಳೆಗಳನ್ನು ಮಡಿಸಿದಾಗಲೇ ಅವಳಿಗೆ ಅದು ಹಿಡಿದಿತ್ತು. ಮಾರನೆಯ ದಿನದಿಂದ ಮೇಜಿನ ಬಳಿ ಯಾವ ಹಾಳೆ ಮಡಿಸುತ್ತಿದ್ದರೂ ಬಾಯಿ ಅದನ್ನೇ ಹೇಳುತ್ತಿತ್ತು. ಹೇಳುವ ರೀತಿಯೂ ಅವಳದೇ. ಅಳುವಿಲ್ಲ, ಏರಿಳಿತವಿಲ್ಲ. ಹಾಳೆ ಎಣಿಸುವ ದನಿಯಲ್ಲೇ, ಒತ್ತಿದ ಒಂದೊಂದು ಮಡಿಕೆಗೆ ಒಂದೊಂದು ವಾಕ್ಯ. ಆ ಹೆಂಗಸು ಈ ಮಾತನ್ನು ಹತ್ತೊಂಬತ್ತು ವರ್ಷ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿರಬೇಕು, ಅಳುವೆಲ್ಲ ಯಾವಾಗಲೋ ಮುಗಿದಿರಬೇಕು ಎಂದು ಬೈಂಡರಕ್ಕನಿಗೆ ಅನಿಸಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಏಳನೇ ಕ್ಲಾಸು ಓದಿದವಳಿಗೆ ಇದೆಲ್ಲ ಯಾಕೆ ಎಂದಾರು ಎಂಬ ಸಂಕೋಚ.

ಎರಡು ವರ್ಷಕ್ಕೆ ಅವಳ ಬಿಲ್ಲೆ ಮೊದಲನೇ ಮೊಳೆಗೆ ಬಂತು. ಆ ಸಲದ ನಾಟಕ ಬೇರೆ. ಅವಳು ಬಿಲ್ಲೆ ತೆಗೆದು ನರ್ಸಿಗೆ ಕೊಟ್ಟಳು. ಮುಂದಿನ ಸಲವೂ ನಾಟಕ ಬೇರೆ, ಮೀಟರಣ್ಣನ ಹೆಂಡತಿಗೆ ಕೊಟ್ಟಳು. ರಾಣಿಯ ಪಾತ್ರ ಬಂತು, ಕೊಟ್ಟಳು. ನ್ಯಾಯಾಧೀಶೆಯ ಪಾತ್ರ ಬಂತು, ಕೊಟ್ಟಳು. ಬಳಗದವರೆಲ್ಲ ಅವಳ ಉದಾರ ಮನಸ್ಸನ್ನು ಕೊಂಡಾಡಿದರು. ಔದಾರ್ಯವೂ ಇಲ್ಲ, ಮಣ್ಣೂ ಇಲ್ಲ. ಊಟಕ್ಕೆ ಕರೆದ ದಿನ ಬೆಳಗಿನಿಂದ ಏನೂ ತಿನ್ನದೆ ಹಸಿವು ಉಳಿಸಿಕೊಳ್ಳುವವರ ಹಾಗೆ ಅವಳು ತನ್ನ ಸರದಿಯನ್ನು ಉಳಿಸಿಕೊಳ್ಳುತ್ತಿದ್ದಳು. ‘ಸಾಮಾನು ಕೋಣೆ’ ಇನ್ನೊಮ್ಮೆ ಬರಬೇಕು, ಆಗ ಮೊದಲನೇ ಮೊಳೆಯಲ್ಲಿ ತಾನಿರಬೇಕು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಒಂಬತ್ತನೇ ವರ್ಷ ಅದು ಬಂತು. ಮೇಷ್ಟ್ರು ಆ ನಾಟಕವನ್ನು ಮತ್ತೆ ಓದುತ್ತೇನೆಂದು ಹೇಳಿದ ದಿನ ಅವಳು ಹದಿಮೂರು ಪುಸ್ತಕಕ್ಕೆ ರಟ್ಟನ್ನು ತಲೆಕೆಳಗಾಗಿ ಹಾಕಿದಳು. ಯಜಮಾನರು ಬೈದದ್ದು ಕಿವಿಗೇ ಬೀಳಲಿಲ್ಲ. ಓದುವ ದಿನ ತಲೆ ಬಾಚಿಕೊಂಡು ಮೇಲೆ ಹೋದಳು. ಜೊತೆಗೆ ತಂಗಿಯನ್ನೂ ಕರೆದುಕೊಂಡು ಹೋದಳು.

ತಂಗಿ ಅವಳಿಗಿಂತ ಏಳು ವರ್ಷಕ್ಕೆ ಚಿಕ್ಕವಳು. ಮದುವೆಯಾಗಿ ಬೇರೆ ಊರಿಗೆ ಹೋದವಳನ್ನು ಗಂಡ ಒಂದು ದಿನ ಬಿಟ್ಟು ನಡೆದಿದ್ದ. ತವರಿಗೆ ಬಂದು ಹನ್ನೊಂದು ತಿಂಗಳಾಗಿತ್ತು. ಅಷ್ಟು ದಿನವೂ ಹೂಂ, ಊಹೂಂ ಬಿಟ್ಟರೆ ಬಾಯಿ ತೆರೆದಿರಲಿಲ್ಲ. ಒಬ್ಬಳೇ ಮನೆಯಲ್ಲಿ ಕೂರುವುದು ಬೇಡವೆಂದು ಅಕ್ಕ ಅವಳನ್ನು ಪ್ರೆಸ್ಸಿಗೆ ಕರೆದೊಯ್ದು ಮೇಜಿನ ಪಕ್ಕದಲ್ಲಿ ಕೂರಿಸಿ, ಕೈಗೆ ಅಂಟಿನ ಕುಂಚ ಕೊಡುತ್ತಿದ್ದಳು. ಅವಳು ಬಳಿಯುತ್ತಿದ್ದಳು, ಅಷ್ಟೆ.

ಮೇಷ್ಟ್ರು ಓದಿ ಮುಗಿಸಿದರು. ಬೈಂಡರಕ್ಕ ಎದ್ದು ಹಲಗೆಯ ಬಳಿ ಹೋಗಿ, ಮೊದಲನೇ ಮೊಳೆಯಿಂದ ತನ್ನ ಬಿಲ್ಲೆ ತೆಗೆದಳು. ಏಳು ವರ್ಷ ಅಲ್ಲೇ ತೂಗಿ ಅದರ ಅಂಚು ಸವೆದಿತ್ತು. ಪಾತ್ರದ ಹೆಸರು ಹೇಳಬೇಕು, ಅಷ್ಟರಲ್ಲಿ ಹಿಂದಿನಿಂದ ತಂಗಿಯ ದನಿ ಕೇಳಿಸಿತು. "ಆ ಹೆಂಗಸಿನ ಪಾರ್ಟು ಯಾರು ಮಾಡ್ತಾರೆ?" ಎಂದು ಅವಳು ಕೇಳಿದ್ದಳು. ಹನ್ನೊಂದು ತಿಂಗಳಲ್ಲಿ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಅಕ್ಕ ತಿರುಗಿ ನೋಡಿದಳು. ತಂಗಿ ತಲೆ ಎತ್ತಿದ್ದಳು, ಕಣ್ಣು ನೆಟ್ಟಗೆ ಬಿಲ್ಲೆಯ ಮೇಲಿತ್ತು, ಕೈ ಸ್ವಲ್ಪವೇ ಮುಂದೆ ಚಾಚಿತ್ತು.

ಬೈಂಡರಕ್ಕ ಬಿಲ್ಲೆಯನ್ನು ಆ ಕೈಯಲ್ಲಿಟ್ಟಳು. ನಿಯಮದ ಪ್ರಕಾರ ಯಾರೂ ಏಕೆಂದು ಕೇಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇವಳು ಬಾಯಿಯವರೆಗೆ ತಂದ ತುತ್ತನ್ನು ತಾನೇ ಇನ್ನೊಬ್ಬರ ಬಾಯಿಗಿಟ್ಟಿದ್ದಳು. ಆ ಸಂಜೆ ಮಹಡಿಯ ಮೆಟ್ಟಿಲು ಇಳಿಯುವಾಗ ತಂಗಿ ಮಾತಾಡುತ್ತಲೇ ಇದ್ದಳು, ಅಕ್ಕ ಹೂಂಗುಡುತ್ತಿದ್ದಳು. ಮನೆಗೆ ಬಂದಾಗ ಅಮ್ಮ ಸಣ್ಣ ಮಗಳ ಮಾತು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ದೊಡ್ಡವಳಿಗೆ ಅದನ್ನು ನೋಡಿ ನಿಜವಾಗಿಯೂ ಸಂತೋಷವಾಯಿತು. ಸಂತೋಷವಾಯಿತು ಎಂದ ಮಾತ್ರಕ್ಕೆ ಸಂಕಟವಾಗಲಿಲ್ಲ ಎಂದಲ್ಲ.

ಮೂರು ಪ್ರದರ್ಶನವೆಂದು ಹೇಳಿದ್ದದ್ದು ನಲವತ್ತಾರು ಆಯಿತು. ತಂಗಿ ಆ ಮಾತನ್ನು ಮೆಲ್ಲನೆ ಶುರು ಮಾಡಿ, ಎರಡನೇ ಪುಟದ ಕೊನೆಗೆ ಬಲಗೈಯನ್ನು ಎದೆಗೆ ತಂದು, ಮೂರನೇ ಪುಟದಲ್ಲಿ ದನಿ ಒಡೆದು, ನಾಲ್ಕನೆಯದನ್ನು ಅಳುತ್ತಲೇ ಮುಗಿಸುತ್ತಿದ್ದಳು. ನೋಡುವವರು ಮೂಗೊರೆಸಿಕೊಳ್ಳುತ್ತಿದ್ದರು. ಬಸ್ ಡ್ರೈವರಂತೂ ದೀಪ ಹಿಡಿಯುವುದನ್ನು ಮರೆತು ಅತ್ತು, ಎರಡು ಸಲ ರಂಗವನ್ನೇ ಕತ್ತಲು ಮಾಡಿದ. ಪತ್ರಿಕೆಯಲ್ಲಿ ಬಂತು. ಪಕ್ಕದ ಬಡಾವಣೆಗಳಿಂದ ಜನ ಬಂದರು, ಮೆಟ್ಟಿಲ ಮೇಲೆಲ್ಲ ಕೂತರು. ನಲವತ್ತಾರು ಸಲವೂ ಪರದೆಯ ಹಿಂದೆ ಪ್ರತಿ ಹಿಡಿದು ಕೂತದ್ದು ಬೈಂಡರಕ್ಕ. ತಂಗಿ ಮರೆತರೆ ಎತ್ತಿಕೊಡಬೇಕಲ್ಲ, ಅವಳು ಉಸಿರೆಳೆದಲ್ಲಿ ತಾನೂ ಉಸಿರೆಳೆದು, ಅವಳು ನಿಂತಲ್ಲಿ ತಾನೂ ನಿಂತು, ತುಟಿಯಾಡಿಸುತ್ತಿದ್ದಳು. ತಂಗಿ ಒಮ್ಮೆಯೂ ಮರೆಯಲಿಲ್ಲ.

ಬಳಗ ಬೆಳೆದದ್ದು ಅಲ್ಲಿಂದ. ಹನ್ನೊಂದು ಇದ್ದವರು ನಲವತ್ತಾದರು, ನಲವತ್ತು ನೂರಾಯಿತು. ಮಹಡಿಯ ನೆಲ ಇನ್ನು ತಾಳುವುದಿಲ್ಲ ಎಂದು ಯಜಮಾನರು ಕೈಮುಗಿದರು. ಊರಾಡಳಿತದವರು ಮುಚ್ಚಿದ್ದ ಐಸ್ ಕಾರ್ಖಾನೆಯನ್ನು ಕೊಟ್ಟರು. ಐದು ತಿಂಗಳ ಭಾನುವಾರಗಳೆಲ್ಲ ಅದನ್ನು ತಿಕ್ಕಿ ತೊಳೆಯುವುದರಲ್ಲೇ ಕಳೆದವು. ತುಕ್ಕು ಹಿಡಿದ ಕೊಳವೆಗಳನ್ನು ಬಿಚ್ಚಿದವರು ಗ್ಯಾರೇಜಿನವರು, ತಂತಿ ಎಳೆದವರು ಮೀಟರಣ್ಣನ ಕಡೆಯವರು, ಗೋಡೆಗೆ ಸುಣ್ಣ ಬಳಿದವರು ಯಾರು ಯಾರೋ. ದಪ್ಪ ಗೋಡೆ, ಒಳಗೆ ಮಾತಾಡಿದ್ದು ಹೊರಗೆ ಕೇಳಿಸದು. ಬೇಸಿಗೆಯಲ್ಲೂ ಮೂಲೆಯಿಂದ ಹಳೆಯ ಔಷಧದಂಥ ಘಾಟು ಬರುತ್ತಿತ್ತು. ಬೆಳಗ್ಗೆ ಮಕ್ಕಳಿಗೆ ಚಿತ್ರ, ಮಧ್ಯಾಹ್ನ ಮುದುಕರಿಗೆ ಹಾಡು, ಸಂಜೆ ನಾಟಕ. ಸಂಬಳದವರು ಒಬ್ಬರೂ ಇಲ್ಲ. ತಂಗಿ ಮಾತ್ರ ಅಷ್ಟರಲ್ಲಿ ಹೊರಟುಹೋಗಿದ್ದಳು. ದೊಡ್ಡ ನಗರದ ನಾಟಕ ಕಂಪನಿಯೊಂದು ಅವಳನ್ನು ಕರೆಸಿಕೊಂಡಿತ್ತು. ಭಾನುವಾರ ಮಾತ್ರ ಫೋನಿನಲ್ಲಿ ಸಿಗುತ್ತಿದ್ದಳು.

ಹಲಗೆಯೂ ಐಸ್ ಕಾರ್ಖಾನೆಗೆ ಬಂತು. ಒಂದು ಹಲಗೆ ಸಾಲದೆ ಐದಾದವು. ಬೈಂಡರಕ್ಕನ ಬಿಲ್ಲೆ ಮೊದಲನೇ ಮೊಳೆಯಲ್ಲೇ ಇತ್ತು. ಕೊಟ್ಟವರ ಜಾಗ ಹೋಗುವುದಿಲ್ಲವಲ್ಲ, ಅವಳು ಮತ್ತೆ ಕಾಯತೊಡಗಿದ್ದಳು. ಹದಿನಾಲ್ಕನೇ ವರ್ಷದ ಸಭೆಯಲ್ಲಿ ಮೇಷ್ಟ್ರು ಎದ್ದುನಿಂತು, ತಮ್ಮ ಹಳೆಯ ಚಟದಂತೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಮಾಡಿದರು. ಬಳಗದಲ್ಲಿ ಇನ್ನೂರ ಮೂವತ್ತು ಜನ, ವರ್ಷಕ್ಕೆ ಎರಡು ನಾಟಕ, ನಾಟಕಕ್ಕೆ ಆರು ಪಾತ್ರ. ಇವತ್ತು ಸೇರಿದವರಿಗೆ ಸರದಿ ಬರುವುದು ಹತ್ತೊಂಬತ್ತು ವರ್ಷದ ಮೇಲೆ. ಎಲ್ಲರೂ ಬರಲಿ ಎಂದು ಮಾಡಿದ ನಿಯಮ ಈಗ ಯಾರನ್ನೂ ಬರಗೊಡುತ್ತಿಲ್ಲ, ಇನ್ನು ಪಾತ್ರಗಳನ್ನು ಆಯ್ಕೆ ಮಾಡಿಯೇ ಕೊಡೋಣ ಎಂದರು. ಒಪ್ಪುವವರು ಕೈ ಎತ್ತಿ ಎಂದಾಗ ಬೈಂಡರಕ್ಕನ ಕೈಯೂ ಮೇಲೆ ಹೋಯಿತು. ಪಕ್ಕದಲ್ಲಿ ಆರು ವರ್ಷದಿಂದ ಬರೀ ಕುರ್ಚಿ ಹೊತ್ತ ಹೆಂಗಸೊಬ್ಬಳು ಕೂತಿದ್ದಳು. ಅವಳ ಮುಂದೆ ತಾನು ಕೈ ಎತ್ತದೆ ಇದ್ದರೆ ಹೇಗೆ? ಮಾರನೆಯ ದಿನ ಯಾರೋ ಇಕ್ಕಳ ತಂದು ಮೊಳೆಗಳನ್ನು ಕಿತ್ತರು.

ಮನೆಗೆ ಹೋಗಿ ಅವಳು ಅತ್ತಳು. ಅಮ್ಮ ಆಗ ತೀರಿಕೊಂಡು ಒಂದು ವರ್ಷವಾಗಿತ್ತು, ಯಾಕೆಂದು ಕೇಳುವವರೂ ಇರಲಿಲ್ಲ. ಒಂದು ಪಾತ್ರಕ್ಕಾಗಿ ನಲವತ್ತಮೂರು ವರ್ಷದ ಹೆಂಗಸು ಅಳುವುದು ನಗೆಪಾಟಲು ಎಂದು ಅವಳಿಗೂ ಗೊತ್ತಿತ್ತು. ಆದರೆ ಆಸೆಗೆ ಅಷ್ಟೆಲ್ಲ ಲೋಕಜ್ಞಾನ ಎಲ್ಲಿ?

ಮೇಷ್ಟ್ರು ಹೋದದ್ದು ಇಪ್ಪತ್ತಮೂರನೇ ವರ್ಷ. ಬಳಗಕ್ಕೆ ಇಪ್ಪತ್ತೈದು ತುಂಬಿದಾಗ ಅವರ ನೆನಪಿಗೆ ‘ಸಾಮಾನು ಕೋಣೆ’ಯನ್ನು ಮೂರು ದಿನ ಆಡುವುದೆಂದು ಗೊತ್ತಾಯಿತು. ನಿರ್ದೇಶಕಿ ಇಪ್ಪತ್ತೆಂಟರ ಹುಡುಗಿ, ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕೆಲಸ. ಹನ್ನೆರಡು ವರ್ಷದವಳಿದ್ದಾಗ ಮಹಡಿಯ ಮೆಟ್ಟಿಲ ಮೇಲೆ ಕೂತು ತಂಗಿಯ ಪಾತ್ರ ನೋಡಿದ್ದಳು. ಅದರಿಂದಲೇ ಅವಳಿಗೆ ನಾಟಕದ ಗೀಳು ಹತ್ತಿದ್ದು. ಮೊದಲು ಅವಳು ತಂಗಿಯನ್ನೇ ಕರೆದಳು. ನೋಡಲು ಬರುತ್ತೇನೆ, ಮಾಡುವುದಿಲ್ಲ, ಆ ಪಾತ್ರಕ್ಕೆ ನನಗೆ ವಯಸ್ಸಾಯಿತು ಎಂದು ತಂಗಿ ಹೇಳಿ ಕಳಿಸಿದಳು. ನಲವತ್ತೇಳಕ್ಕೆ ವಯಸ್ಸಾದರೆ ಐವತ್ತನಾಲ್ಕಕ್ಕೆ ಏನಾಗಬೇಕು? ಬೈಂಡರಕ್ಕ ಎರಡು ದಿನ ಯೋಚಿಸಿ, ಆಯ್ಕೆಗೆ ಹೆಸರು ಕೊಟ್ಟಳು.

ಆಯ್ಕೆಯ ದಿನ ಹದಿನೇಳನೇ ನಂಬರಿನ ಚೀಟಿಯನ್ನು ಎದೆಗೆ ಚುಚ್ಚಿಕೊಂಡು ಸಾಲಿನಲ್ಲಿ ನಿಂತಳು. ಮುಂದೆ ಹಿಂದೆ ಇದ್ದವರೆಲ್ಲ ಅವಳು ಹೊಲಿದ ಪ್ರತಿಗಳನ್ನು ಹಿಡಿದು ಗುನುಗುತ್ತಿದ್ದರು. ಅವಳ ಕೈ ಖಾಲಿ. ಕರೆದಾಗ ಒಳಗೆ ಹೋದಳು, ದೀಪದ ಕೆಳಗೆ ನಿಂತಳು, ಶುರು ಮಾಡಿದಳು. ಒಂದನೇ ಪುಟ ಸಲೀಸಾಗಿ ಹೋಯಿತು. ಎರಡನೇ ಪುಟದ ಕೊನೆಗೆ ಬಲಗೈ ತಾನಾಗಿ ಎದ್ದು ಎದೆಗೆ ಬಂತು. ಆಗ ಅವಳಿಗೆ ಗೊತ್ತಾಯಿತು. ಮೂರನೇ ಪುಟದಲ್ಲಿ ದನಿ ಒಡೆಯಿತು, ಒಡೆಯಬೇಕಾದ ಜಾಗದಲ್ಲೇ ಒಡೆಯಿತು. ನಾಲ್ಕನೆಯದು ಅಳುವಿನಲ್ಲಿ ಮುಗಿಯಿತು. ಬಾಯಿ ಅವಳದು, ಬಂದದ್ದೆಲ್ಲ ತಂಗಿಯದು.

ನಿರ್ದೇಶಕಿ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು. "ಅಕ್ಕಾ, ಥೇಟ್ ನಿಮ್ಮ ತಂಗಿ ಥರಾನೇ. ನಾನು ಅವತ್ತು ನೋಡಿದ್ದು ಇದನ್ನೇ. ಬೇರೆ ಯಾರನ್ನೂ ನೋಡೋದೇ ಬೇಡ" ಎಂದಳು. ಪಾತ್ರ ಅವಳಿಗೇ ಸಿಕ್ಕಿತು.

ಇಪ್ಪತ್ತೈದು ವರ್ಷ ಬಯಸಿದ್ದು ಕೈಗೆ ಬಂತು, ಬಿಸಿ ತುಪ್ಪವಾಗಿ ಬಂತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬೈಂಡರಕ್ಕ ಪ್ರೆಸ್ಸಿನ ಮೇಜಿನ ಬಳಿ ಹೋಗಿ ಹಾಳೆ ಮಡಿಸುತ್ತ ತನ್ನ ಹಳೆಯ ದನಿಯನ್ನು ಹುಡುಕಿದಳು. ಒಂದು ಮಡಿಕೆಗೆ ಒಂದು ವಾಕ್ಯ ಎಂದು ಲೆಕ್ಕ ಹಿಡಿದು ಹೇಳಿದಳು. ಬಂದದ್ದು ತಂಗಿಯ ಉಸಿರೇ. ಬಾಗಿಲು ಹಾಕಿಕೊಂಡು ಅಡುಗೆಮನೆಯಲ್ಲಿ ಹೇಳಿ ನೋಡಿದಳು, ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಹೇಳಿ ನೋಡಿದಳು. ತಾನು ಹೇಗೆ ಹೇಳುತ್ತಿದ್ದೆ ಎಂಬುದು ನೆನಪಿತ್ತು, ಹೇಳುವುದಕ್ಕೆ ಮಾತ್ರ ಬರುತ್ತಿರಲಿಲ್ಲ. ಇದನ್ನು ಯಾರಿಗೆ ಹೇಳಿಕೊಳ್ಳುವುದು? ಪಾತ್ರ ಸಿಕ್ಕಿಲ್ಲವೆಂದು ಗೋಳಾಡುವವರಿಗೆ ಸಮಾಧಾನ ಹೇಳುವವರಿದ್ದಾರೆ. ಸಿಕ್ಕಿತೆಂದು ಗೋಳಾಡುವವಳನ್ನು ಹುಚ್ಚಿ ಎಂದಾರು. ಒಮ್ಮೆ ತಾಲೀಮಿನಲ್ಲಿ ಧೈರ್ಯ ಮಾಡಿ, ಅಳದೆ ಹೇಳಿದರೆ ಹೇಗೆ ಎಂದು ಕೇಳಿದಳು. ನಿರ್ದೇಶಕಿ ಗಾಬರಿಯಾಗಿ, ಜನ ಬರುವುದೇ ಅದಕ್ಕಲ್ಲವಾ ಅಕ್ಕ, ದಯವಿಟ್ಟು ಏನೂ ಬದಲಾಯಿಸಬೇಡಿ ಎಂದು ಬೇಡಿಕೊಂಡಳು.

ಶುಕ್ರವಾರದ ಆಟ ತುಂಬಿ ತುಳುಕಿತು. ಹಳಬರು ಬಂದು, ನಿನ್ನ ತಂಗಿಯೇ ಬಂದು ನಿಂತ ಹಾಗಿತ್ತು ಎಂದು ಬೆನ್ನು ತಟ್ಟಿದರು. ಶನಿವಾರವೂ ಅದೇ ಮಾತು. ಬೈಂಡರಕ್ಕ ಎರಡೂ ದಿನ ಕೈಮುಗಿದು ನಕ್ಕಳು. ಇನ್ನು ಉಳಿದದ್ದು ಒಂದೇ, ಭಾನುವಾರ ಮಧ್ಯಾಹ್ನದ್ದು. ಅದು ಮುಗಿದರೆ ಮುಗಿಯಿತು. ಈ ನಾಟಕ ಇನ್ನು ಬಂದರೂ ಬಳಗಕ್ಕೆ ಐವತ್ತು ತುಂಬಿದಾಗ ಬಂದೀತು, ಅಷ್ಟು ಹೊತ್ತಿಗೆ ತಾನು ಇರುವ ನೆಚ್ಚಿಗೆ ಏನು?

ಭಾನುವಾರ ತಂಗಿ ಬಂದಳು. ರೈಲು ತಡವಾಗಿ, ಒಳಗೆ ಬರುವಾಗ ಆಟ ಶುರುವಾಗಿತ್ತು. ನಾಲ್ಕನೇ ಸಾಲಿನ ತುದಿಯಲ್ಲಿ ಕೂತಳು. ಟ್ರಂಕಿನವನು ಚೀಟಿ ಹಿಡಿದು ಬಂದ. ಬೈಂಡರಕ್ಕ ಕುರ್ಚಿಯಿಂದ ಎದ್ದು, ನೀವು ಬರ್ತೀರಿ ಅಂತ ನಾನು ಕಾದಿಲ್ಲ ಎಂದು ಶುರು ಮಾಡಿದಳು. ಒಂದನೇ ಪುಟ ತಂಗಿಯದು, ಎರಡನೇ ಪುಟ ತಂಗಿಯದು. ಪುಟದ ಕೊನೆಗೆ ಬರುವಾಗ ಅವಳ ಕಣ್ಣು ನಾಲ್ಕನೇ ಸಾಲಿಗೆ ಹೋಯಿತು. ತಂಗಿಯ ತುಟಿ ಆಡುತ್ತಿತ್ತು. ಒಂದೊಂದು ಮಾತೂ ಸರಿಯಾಗಿ, ಉಸಿರೂ ಸರಿಯಾಗಿ. ಅವಳ ಬಲಗೈ ಮೆಲ್ಲನೆ ಎದ್ದು ಎದೆಗೆ ಬಂತು.

ರಂಗದ ಮೇಲೆ ಅರ್ಧ ಎದ್ದಿದ್ದ ಬೈಂಡರಕ್ಕನ ಕೈ ಕೆಳಗಿಳಿಯಿತು. ಆ ಕೈಯ ಒಡತಿ ಎದುರಿಗೇ ಕೂತಿದ್ದಾಳೆ, ಇನ್ನು ತಾನೇಕೆ ಎತ್ತಬೇಕು ಎನಿಸಿತು. ಅವಳು ಸುಮ್ಮನಾದಳು. ಪರದೆಯ ಹಿಂದಿನಿಂದ ಮೂರನೇ ಪುಟದ ಮೊದಲ ಮಾತನ್ನು ಎತ್ತಿಕೊಟ್ಟರು. ಅವಳು ಹೇಳಲಿಲ್ಲ. ಮತ್ತೆ ಎತ್ತಿಕೊಟ್ಟರು, ಈ ಸಲ ಮುಂದಿನ ಸಾಲಿನವರಿಗೂ ಕೇಳಿಸುವ ಹಾಗೆ. ಟ್ರಂಕಿನವನು ಬೆವತ. ಆಮೇಲೆ ಅವಳು ಬಾಯಿ ತೆರೆದಳು. ಹಾಳೆ ಎಣಿಸುವ ದನಿ. ಅಳುವಿಲ್ಲ, ಏರಿಳಿತವಿಲ್ಲ. ಹತ್ತೊಂಬತ್ತು ವರ್ಷ ಪೆಟ್ಟಿಗೆಯ ಧೂಳು ಒರೆಸಿದ್ದನ್ನು, ಬೀಗ ತುಕ್ಕು ಹಿಡಿಯದ ಹಾಗೆ ಎಣ್ಣೆ ಬಿಟ್ಟದ್ದನ್ನು, ಒಳಗೇನಿದೆ ಎಂದು ಒಂದು ಸಲವೂ ಅಲುಗಿಸಿ ನೋಡದೆ ಇದ್ದದ್ದನ್ನು ಅವಳು ಒಂದಾದ ಮೇಲೊಂದು, ಮಡಿಕೆ ಒತ್ತಿದ ಹಾಗೆ ಹೇಳಿದಳು. ಹಿಂದಿನ ಸಾಲಿನಿಂದ ಯಾರೋ, ಜೋರಾಗಿ ಹೇಳಿ ಎಂದರು. ಅವಳು ಜೋರು ಮಾಡಲಿಲ್ಲ. ನಾಲ್ಕನೇ ಪುಟ ಮುಗಿಸಿ ಟ್ರಂಕನ್ನು ಅವನ ಕಡೆ ತಳ್ಳಿದಳು.

ಚಪ್ಪಾಳೆ ಬಿತ್ತು, ಶನಿವಾರದಷ್ಟು ಬೀಳಲಿಲ್ಲ. ಯಾರೂ ಮೂಗೊರೆಸಿಕೊಳ್ಳಲಿಲ್ಲ. ಜನ ಸ್ವಲ್ಪ ಗಲಿಬಿಲಿಯಲ್ಲಿ ಎದ್ದುಹೋದರು. ನಿರ್ದೇಶಕಿ ಪರದೆಯ ಬಳಿ ಕಾಯುತ್ತಿದ್ದಳು. ಮಾತು ಮರೆತುಹೋಯಿತಾ ಅಕ್ಕ, ಪರವಾಗಿಲ್ಲ ಬಿಡಿ, ಎಂಥವರಿಗೂ ಆಗುತ್ತದೆ ಎಂದು ಸಮಾಧಾನ ಹೇಳಿದಳು. ಒಳ್ಳೆಯ ಹುಡುಗಿ. ಬೈಂಡರಕ್ಕ ಹೂಂ ಎಂದು ಬಣ್ಣದ ಕೋಣೆಗೆ ಹೋಗಿ ಕನ್ನಡಿಯ ಮುಂದೆ ಕೂತಳು.

ತಂಗಿ ಬಂದು ಬಾಗಿಲು ಹಾಕಿಕೊಂಡಳು. ಸ್ಟೂಲು ಎಳೆದುಕೊಂಡು ಅಕ್ಕನ ಪಕ್ಕ ಕೂತಳು. ಕನ್ನಡಿಯಲ್ಲಿ ಅವಳ ಮುಖ ನೋಡಿದಳು. ಆಮೇಲೆ, "ಮೂರನೇ ಪುಟದಿಂದ ನೀನು" ಎಂದಳು.

ಅಕ್ಕ ಬಟ್ಟೆಯಿಂದ ಹಣೆಯ ಬಣ್ಣ ಒರೆಸಿಕೊಳ್ಳುತ್ತಿದ್ದಳು.

"ನಾನು ಅಂಟು ಬಳೀತಾ ಕೂತಿರ್ತಿದ್ನಲ್ಲ, ಆಗ ನೀನು ಹೀಗೇ ಹೇಳ್ಕೊಳ್ತಿದ್ದೆ. ಆ ಪಾರ್ಟು ನಿನಗೆ ಬೇಕಿತ್ತು ಅಂತ ನನಗೆ ಗೊತ್ತಿತ್ತಕ್ಕ. ಗೊತ್ತಿದ್ದೇ ಕೈ ಚಾಚಿದೆ."

ಹೋಗಲಿ ಬಿಡೆ ಎಂಬ ಮಾತು ಬೈಂಡರಕ್ಕನ ನಾಲಿಗೆಯ ತುದಿಗೆ ಬಂತು. ಹುಟ್ಟಿದಾಗಿನಿಂದ ಅವಳು ಎಲ್ಲರಿಗೂ, ಎಲ್ಲಕ್ಕೂ ಹೇಳಿದ ಮಾತು ಅದು. ಈ ಸಲ ಅದನ್ನು ನುಂಗಿಕೊಂಡಳು.

"ಬೇಕಿತ್ತು ಕಣೆ" ಎಂದಳು. "ತುಂಬಾ ಬೇಕಿತ್ತು."

ತಂಗಿ ತಲೆ ತಗ್ಗಿಸಿದಳು. ಹೊರಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದು ಕೇಳುತ್ತಿತ್ತು. ತಂಗಿ, ಮೊದಲ ಎರಡು ಪುಟವನ್ನೂ ಹಾಗೇ ಹೇಳು, ನಾನೊಬ್ಬಳೇ ಕೇಳುತ್ತೇನೆ ಎಂದು ಕೇಳಿಕೊಂಡಳು. ಅಕ್ಕ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಶುರು ಮಾಡಿದಳು. ಮೊದಲ ಮಾತಿಗೇ ತಂಗಿಯ ಉಸಿರು ಬಂತು. ನಿಲ್ಲಿಸಿದಳು. ಇನ್ನೊಮ್ಮೆ ಶುರು ಮಾಡಿದಳು, ಮತ್ತೆ ಅದೇ. ಮೂರನೇ ಸಲ ಬಾಯಿ ತೆರೆದು ಹಾಗೇ ಮುಚ್ಚಿದಳು.

"ಬರ್ತಿಲ್ಲ ಕಣೆ" ಎಂದಳು. "ಎರಡು ಪುಟ ನನಗೆ ಸಿಕ್ತು. ಮೊದಲಿನವೆರಡು ನಿನ್ನ ಹತ್ರಾನೇ ಇರಲಿ."